ಬಿಟ್ಟೆ, ಬಿಟ್ಟುಕೊಟ್ಟೆ, ಹಿಂದಕ್ಕೆ ತಗೊಂಡೆ: ಸಹಿ ಹಾಕೋ ಕಾಗದದ ಇಂಗ್ಲಿಷ್

ಹಮ್ದಾನ್ ಸ್ಟ್ರೀಟಿನ ಟೈಪಿಂಗ್ ಸೆಂಟರುಗಳಲ್ಲಿ ದಿನಕ್ಕೆ ಎಷ್ಟು ಕಾಗದ ಹುಟ್ಟುತ್ತವೋ ಲೆಕ್ಕ ಇಟ್ಟವರಿಲ್ಲ. ಆದರೆ ನಮ್ಮವರು ಅಲ್ಲಿ ಮಾಡಿಸೋ ಕಾಗದಗಳನ್ನ ನೋಡಿದರೆ ಬಹಳಷ್ಟು ಏನನ್ನೋ ಬಿಡುವ ಕಾಗದಗಳೇ. ಕೆಲಸ ಬಿಡೋದು, ರೂಮು ಬಿಡೋದು, ಕೊಟ್ಟ ದೂರು ಕೈಬಿಡೋದು, ಊರಿನ ಜಾಗದ ಪಾಲು ಬಿಡೋದು. ಕಾಗದ ಕೈಗೆ ಬಂದ ಕೂಡಲೇ ನಾವು ನೋಡೋದು ಎರಡೇ: ಹೆಸರಿನ ಸ್ಪೆಲ್ಲಿಂಗ್ ಸರಿ ಇದೆಯಾ, ದಿರ್ಹಮ್ ಅಂಕಿ ಸರಿ ಇದೆಯಾ. ಅಂಕಿಯ ಹಿಂದೆ ಒಂದು ಕ್ರಿಯಾಪದ ಸುಮ್ಮನೆ ಕೂತಿರತ್ತೆ. ಅದನ್ನ ಯಾರೂ ಮಾತಾಡಿಸೋದಿಲ್ಲ. ಇಪ್ಪತ್ತು ವರ್ಷದಿಂದ ಲೆಕ್ಕ ಬರೀತಿರೋ ನಮಗೆ ಅನ್ನಿಸಿರೋದು ಇಷ್ಟು: ಅಂಕಿ ತಪ್ಪಿದ್ದರೆ ತಿದ್ದಿಸಬಹುದು, ಕ್ರಿಯಾಪದ ತಪ್ಪಿದ್ದರೆ ಅಂಕಿ ಸರಿ ಇದ್ದೂ ಪ್ರಯೋಜನ ಇಲ್ಲ. ಹಾಗಾಗಿ ಈ ತಿಂಗಳು ನಮ್ಮ ಪುಟದಲ್ಲಿ ಲೆಕ್ಕ ಕಡಿಮೆ, ಭಾಷೆ ಜಾಸ್ತಿ.

ಕನ್ನಡದಲ್ಲಿ ಈ ಕೆಲಸಕ್ಕೆಲ್ಲ ಒಂದೇ ಬೇರು ಸಾಕು: ಬಿಡು. ನಮ್ಮ ತುಳು ಮಿತ್ರರಿಗೆ ಬುಡ್ಲೆ. ಅದರ ಬಾಲಕ್ಕೆ ಇನ್ನೊಂದು ಪದ ಸೇರಿಸಿದರೆ ಅರ್ಥ ತಿರುಗತ್ತೆ. ಬಿಟ್ಟುಬಿಟ್ಟೆ ಅಂದರೆ ಮುಗೀತು, ಮತ್ತೆ ಆ ಕಡೆ ತಲೆ ಹಾಕಲ್ಲ. ಬಿಟ್ಟುಕೊಟ್ಟೆ ಅಂದರೆ ನನ್ನದೇ ಆಗಿತ್ತು, ಇನ್ನೊಬ್ಬನಿಗೋಸ್ಕರ ಬಿಟ್ಟೆ. ಎದುರಿಗೆ ಕೈ ಚಾಚಿದವನು ಒಬ್ಬ ಇದ್ದಾನೆ. ಬಿಟ್ಟುಹಾಕಿದೆ ಅಂದರೆ ಬೇಡಾಂತ ಎಸೆದೆ. ಕೈಬಿಟ್ಟೆ ಅಂದರೆ ಹಿಡಿದ ಕೆಲಸವನ್ನೋ ನಂಬಿದವರನ್ನೋ ನಡುದಾರಿಯಲ್ಲಿ ಬಿಟ್ಟೆ. ಇದನ್ನೆಲ್ಲ ನಮಗೆ ಯಾರೂ ಹೇಳಿಕೊಡಲಿಲ್ಲ, ಅಮ್ಮನ ಬೈಗುಳದಲ್ಲೇ ಕಲಿತುಬಿಟ್ಟೆವು. ಇಂಗ್ಲಿಷಿಗೆ ಈ ಬಾಲದ ಸೌಕರ್ಯ ಇಲ್ಲ. ಅದು ಒಂದೊಂದು ಬಿಡುವಿಕೆಗೂ ಒಂದೊಂದು ಪದ ಇಟ್ಟುಕೊಂಡಿದೆ: ರಿಸೈನ್, ವಿತ್‌ಡ್ರಾ, ವೇವ್, ಸರೆಂಡರ್, ರಿಲಿಂಕ್ವಿಶ್, ಫಾರ್‌ಫಿಟ್, ಅಬ್ಯಾಂಡನ್, ಕ್ವಿಟ್, ಯೀಲ್ಡ್. ಡಿಕ್ಷನರಿ ತೆಗೆದರೆ ಎಲ್ಲದಕ್ಕೂ "ಬಿಡು, ತ್ಯಜಿಸು" ಅಂತಲೇ ಇರತ್ತೆ. ಲೆಡ್ಜರ್ ತೆಗೆದರೆ ಒಂದೊಂದೂ ಬೇರೆ ಬೇರೆ ಎಂಟ್ರಿ. ಬಿಟ್ಟವನು ಯಾರು, ಹೋಗಿದ್ದು ಯಾರ ಕಡೆಗೆ, ಮತ್ತೆ ವಾಪಸ್ ಬರತ್ತಾ? ಈ ಮೂರು ಪ್ರಶ್ನೆ ಕೇಳಿಕೊಂಡರೆ ಪದದ ಅರ್ಥ ತಾನಾಗಿ ಬಿಚ್ಚಿಕೊಳ್ಳತ್ತೆ.

ಮೊದಲು ರಿಸೈನ್. ಲ್ಯಾಟಿನ್ನಿನಲ್ಲಿ ಇದರ ಮೂಲದ ಅರ್ಥ ಮುದ್ರೆ ಒಡೆಯೋದು, ಬರೆದದ್ದನ್ನ ರದ್ದು ಮಾಡೋದು. ಒಪ್ಪಂದಕ್ಕೆ ಹಾಕಿದ ಮುದ್ರೆಯನ್ನ ನಾನೇ ಒಡೀತೀನಿ ಅಂತ. ಗಮನಿಸಬೇಕಾದ್ದು "ನಾನೇ" ಅನ್ನೋದು. ರಿಸೈನ್ ಅನ್ನೋ ಕ್ರಿಯಾಪದಕ್ಕೆ ಕರ್ತೃ ಯಾವಾಗಲೂ ಕೆಲಸಗಾರ. ಕಂಪನಿ ನಿಮ್ಮನ್ನ ರಿಸೈನ್ ಮಾಡೋದಕ್ಕೆ ಆಗೋದಿಲ್ಲ. ಕಂಪನಿ ಮಾಡೋದು ಟರ್ಮಿನೇಟ್. "ನೀನೇ ರಿಸೈನ್ ಅಂತ ಬರೆದುಕೊಡು, ಎಲ್ಲರಿಗೂ ಸುಲಭ" ಅಂತ ಯಾರಾದರೂ ಹೇಳಿದರೆ, ಅವರು ಕೇಳ್ತಿರೋದು ವಾಕ್ಯದ ಕರ್ತೃವನ್ನ ಬದಲಾಯಿಸಿ ಅಂತ. "ವಿ ಹ್ಯಾವ್ ಟು ಲೆಟ್ ಯು ಗೋ" ಅನ್ನೋ ಮಾತೂ ಹಾಗೆಯೇ. ಕೇಳೋದಕ್ಕೆ ರಜೆ ಕೊಟ್ಟು ಊರಿಗೆ ಕಳಿಸೋ ಹಾಗಿರತ್ತೆ. ಒಬ್ಬ ಹುಡುಗ "ಯಾವಾಗ ವಾಪಸ್ ಬರಬೇಕು ಸಾರ್" ಅಂತ ಕೇಳಿದ್ದನ್ನ ನಾವು ಪಕ್ಕದಲ್ಲೇ ನಿಂತು ಕೇಳಿದ್ದೀವಿ. ನಗು ಬರಲಿಲ್ಲ.

ಇನ್ನೊಂದು ತಮಾಷೆ ಇದೆ, ಸ್ವಲ್ಪ ದುಬಾರಿ ತಮಾಷೆ. ರಿಸೈನ್ ಪದದ ನಡುವೆ ಒಂದು ಸಣ್ಣ ಗೆರೆ ಹಾಕಿದರೆ ರಿ-ಸೈನ್ ಆಗತ್ತೆ, ಅಂದರೆ ಮತ್ತೆ ಸಹಿ ಮಾಡೋದು, ಕಾಂಟ್ರಾಕ್ಟ್ ಮುಂದುವರಿಸೋದು. ಗೆರೆ ಇದ್ದರೆ ಇರ್ತೀನಿ, ಗೆರೆ ಇಲ್ಲದಿದ್ದರೆ ಹೋಗ್ತೀನಿ. ಇಂಗ್ಲಿಷರು ಬಾಯಲ್ಲಿ ಹೇಳುವಾಗ ಒಂದನ್ನ ಝ ಹಾಗೆ, ಇನ್ನೊಂದನ್ನ ಸ ಹಾಗೆ ಹೇಳ್ತಾರೆ. ನಮ್ಮ ಬಾಯಲ್ಲಿ ಎರಡೂ ಒಂದೇ. ಕಾಂಟ್ರಾಕ್ಟ್ ಮುಗಿಯೋ ತಿಂಗಳಲ್ಲಿ ಮೊಬೈಲಿನಿಂದ ಅವಸರದಲ್ಲಿ ಮೆಸೇಜ್ ಕಳಿಸುವಾಗ "ರಿನ್ಯೂ" ಅಂತ ಬರೆಯೋದೇ ಕ್ಷೇಮ.

ಈಗ ನಮ್ಮದೇ ಪದಕ್ಕೆ ಬರೋಣ. ರಾಜೀನಾಮೆ. ಎಷ್ಟು ಕನ್ನಡದ ಪದ ಅನ್ನಿಸತ್ತೆ ಅಲ್ವಾ? ಮೂಲ ಪರ್ಷಿಯನ್. ರಾಜಿ ಅಂದರೆ ಒಪ್ಪಿಗೆ, ನಾಮೆ ಅಂದರೆ ಪತ್ರ. ಸೇರಿದರೆ ಒಪ್ಪಿಗೆ ಪತ್ರ. ಹಿಂದಿ, ಉರ್ದುವಿನಲ್ಲಿ ಇವತ್ತಿಗೂ ರಾಜೀನಾಮಾ ಅಂದರೆ ರಾಜಿ ಪತ್ರ, ಎರಡು ಪಾರ್ಟಿ ಜಗಳ ಬಗೆಹರಿಸಿಕೊಂಡು ಬರೆದದ್ದು. ಕೆಲಸ ಬಿಡೋದಕ್ಕೆ ಅವರು ಇಸ್ತೀಫಾ ಅಂತಾರೆ. ನಮ್ಮಲ್ಲಿ ಅದು ಹೇಗೆ ಕೆಲಸ ಬಿಡೋ ಪತ್ರ ಆಯ್ತು ಅನ್ನೋದಕ್ಕೆ ಸುಳಿವು ಮುಂಬಯಿ ಪ್ರಾಂತ್ಯದ ಕಂದಾಯ ಕಾಗದಗಳಲ್ಲಿದೆ. ಧಾರವಾಡ, ಬೆಳಗಾವಿ, ವಿಜಯಪುರದ ಕಡೆ ಜಮೀನು ಬಿಡುವ ರೈತ ಬರೆದುಕೊಡುತ್ತಿದ್ದದ್ದು ರಾಜೀನಾಮೆ, ಅದೇ ಜಮೀನನ್ನ ವಹಿಸಿಕೊಳ್ಳುವ ರೈತ ಬರೆದುಕೊಡುತ್ತಿದ್ದದ್ದು ಕಬೂಲಾಯತಿ. ಬಿಡೋದಕ್ಕೆ ನನ್ನ ಒಪ್ಪಿಗೆ ಇದೆ ಅನ್ನೋದೇ ನಿಧಾನಕ್ಕೆ ಬಿಡೋದು ಅಂತಲೇ ಆಗಿಹೋಯ್ತು. ಮರಾಠಿಯಲ್ಲೂ ಹಾಗೇ.

ಇದು ಬರೀ ಪಂಡಿತರ ಮಾತಲ್ಲ. ಮಲಯಾಳದಲ್ಲಿ ಇದೇ ಪದ ಅರ್ಧಕ್ಕೆ ತುಂಡಾಗಿ, ಬರೀ "ರಾಜಿ" ಅಂದರೇನೇ ಕೆಲಸಕ್ಕೆ ರಾಜೀನಾಮೆ ಅಂತ ಅರ್ಥ. ನಮಗೆ ರಾಜಿ ಅಂದರೆ ಹೊಂದಾಣಿಕೆ. ಹಮ್ದಾನ್ ಸ್ಟ್ರೀಟಿನಲ್ಲಿ ಟೈಪಿಂಗ್ ಮಾಡೋರಲ್ಲಿ ಮಲಯಾಳಿಗಳು ಎಷ್ಟಿದ್ದಾರೆ ಅಂತ ನಿಮಗೆ ಹೇಳಬೇಕಾಗಿಲ್ಲ. ಹಾವೇರಿ ಕಡೆಯ ಒಬ್ಬರು, ಎರಡು ತಿಂಗಳ ಓವರ್‌ಟೈಮ್ ಬಾಕಿ ವಿಷಯದಲ್ಲಿ ಕಂಪನಿ ಜೊತೆ ಹೊಂದಿಕೊಂಡು ಹೋಗೋಣ ಅಂತ ಪತ್ರ ಬರೆಸೋದಕ್ಕೆ ಹೋಗಿ "ರಾಜಿ, ರಾಜಿ" ಅಂತ ಕೈಸನ್ನೆ ಮಾಡಿ ಹೇಳಿದ್ದಾರೆ. ಟೈಪ್ ಮಾಡಿದವನದ್ದು ತಪ್ಪಿಲ್ಲ, ಅವನ ಭಾಷೆಯಲ್ಲಿ ಕೇಳಿಸಿದ್ದನ್ನ ನೀಟಾಗಿ ಬರೆದುಕೊಟ್ಟ: ಐ ಹಿಯರ್‌ಬೈ ರಿಸೈನ್. ಪುಣ್ಯಕ್ಕೆ ಅವರ ಸೂಪರ್‌ವೈಸರ್ ಒಳ್ಳೆಯವನು, ಒಳಗೆ ಕಳಿಸೋ ಮುಂಚೆ "ಏನಯ್ಯಾ, ಹೋಗ್ತಿದೀಯಾ" ಅಂತ ಕೇಳಿದ. ಕಾಗದ ಹರಿದು ಹಾಕಿದರು. ಎಲ್ಲ ಸೂಪರ್‌ವೈಸರುಗಳೂ ಕೇಳೋದಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. 2016ರಿಂದ ಇಲ್ಲಿನ ಕಾರ್ಮಿಕ ಸಚಿವಾಲಯದ ಆಫರ್ ಲೆಟರ್ ಅರಬಿ, ಇಂಗ್ಲಿಷಿನ ಜೊತೆ ಕೆಲಸಗಾರನ ಭಾಷೆಯಲ್ಲೂ ಸಿಗುವ ವ್ಯವಸ್ಥೆ ಬಂತು. ಹಿಂದಿ, ಉರ್ದು, ಬಂಗಾಳಿ, ಮಲಯಾಳಂ, ತಮಿಳು, ನೇಪಾಳಿ ಎಲ್ಲ ಆ ಪಟ್ಟಿಯಲ್ಲಿದ್ದವು. ಕನ್ನಡ ಇರಲಿಲ್ಲ. 2019ರ ಫೆಬ್ರವರಿಯಲ್ಲಿ ಅಬುಧಾಬಿ ನ್ಯಾಯಾಂಗ ಇಲಾಖೆ ಅರಬಿ, ಇಂಗ್ಲಿಷ್ ಆದಮೇಲೆ ಹಿಂದಿಯನ್ನ ಮೂರನೇ ಭಾಷೆಯಾಗಿ ಸೇರಿಸಿತು, ಕಾರ್ಮಿಕ ದಾವೆಯ ಫಾರಂ ಹಿಂದಿಯಲ್ಲೂ ಸಿಗೋ ಹಾಗಾಯ್ತು. ಒಳ್ಳೆಯದೇ. ಆದರೆ ಹಿಂದಿಯ ರಾಜೀನಾಮಾವನ್ನ ಕನ್ನಡದ ರಾಜೀನಾಮೆ ಅಂತ ಓದಿಕೊಂಡರೆ ಏನಾಗತ್ತೆ ಯೋಚಿಸಿ. ಹತ್ತಿರದ ಭಾಷೆಯೇ ಹೆಚ್ಚು ಎಡವಿಸೋದು. ಯಾವ ಭಾಷೆಯ ನಕಲು ಜೊತೆಗಿದ್ದರೂ ವ್ಯತ್ಯಾಸ ಬಂದರೆ ಗೆಲ್ಲೋದು ಅರಬಿ ಪಠ್ಯ, ಕಾನೂನಿನಲ್ಲೇ ಹಾಗಿದೆ. ಆದ್ದರಿಂದ ಎರಡು ಮೂರು ಅರಬಿ ಪದ ಕಿವಿಗೆ ಪರಿಚಯ ಇರಲಿ. ಇಸ್ತಿಕಾಲ ಅಂದರೆ ರಿಸೈನ್. ಮೂಲದಲ್ಲಿ "ನನ್ನನ್ನ ಬಿಡುಗಡೆ ಮಾಡಿ" ಅಂತ ಕೇಳಿಕೊಳ್ಳೋದು. ತನಾಝುಲ್ ಅಂದರೆ ಹಕ್ಕು ಬಿಟ್ಟುಕೊಡೋದು. ಇಳಿಯೋದು ಅನ್ನೋ ಅರ್ಥದ ಬೇರಿನಿಂದ ಬಂದದ್ದು, ಹಕ್ಕಿನ ಮೇಲಿಂದ ಕೆಳಗಿಳಿದ ಹಾಗೆ. ಮುಖಾಲಸ ಅಂದರೆ ಲೆಕ್ಕ ಚುಕ್ತಾ. ಕೌಂಟರಿನ ಆಚೆಯಿಂದ ತನಾಝುಲ್ ಅನ್ನೋ ಪದ ಕೇಳಿಸಿದರೆ ಪೆನ್ನು ಕೆಳಗಿಡಿ, "ಯಾವುದರ ತನಾಝುಲ್" ಅಂತ ಕೇಳಿ.

ರಿಸೈನ್ ಮತ್ತು ಟರ್ಮಿನೇಟ್ ನಡುವಿನ ವ್ಯತ್ಯಾಸಕ್ಕೆ ಹಿಂದೆ ನೇರ ಬೆಲೆ ಇತ್ತು. 1980ರ ಹಳೇ ಕಾರ್ಮಿಕ ಕಾನೂನಿನ ಕಾಲದಲ್ಲಿ ಅನಿರ್ದಿಷ್ಟ ಅವಧಿಯ ಕಾಂಟ್ರಾಕ್ಟಿನವನು ಒಂದರಿಂದ ಮೂರು ವರ್ಷದೊಳಗೆ ತಾನಾಗಿ ರಿಸೈನ್ ಮಾಡಿದರೆ ಗ್ರಾಚ್ಯುಟಿಯ ಮೂರನೇ ಒಂದು ಭಾಗ, ಮೂರರಿಂದ ಐದು ವರ್ಷದೊಳಗೆ ಮೂರನೇ ಎರಡು ಭಾಗ. ಬೇಸಿಕ್ 1,800 ದಿರ್ಹಮ್ ಇರೋ ಒಬ್ಬ ನಾಲ್ಕು ವರ್ಷಕ್ಕೆ ಬಿಟ್ಟ ಅಂತಿಟ್ಟುಕೊಳ್ಳಿ. ದಿನಕ್ಕೆ 60, ವರ್ಷಕ್ಕೆ 21 ದಿನ, ಅಂದರೆ 1,260. ನಾಲ್ಕು ವರ್ಷಕ್ಕೆ 5,040. ರಿಸೈನ್ ಅನ್ನೋ ಒಂದು ಪದಕ್ಕೆ ಅದು 3,360 ಆಗ್ತಿತ್ತು. ಒಂದು ಕ್ರಿಯಾಪದಕ್ಕೆ 1,680 ದಿರ್ಹಮ್. ನಿರ್ದಿಷ್ಟ ಅವಧಿಯ ಕಾಂಟ್ರಾಕ್ಟ್ ಆಗಿದ್ದರೆ ಐದು ವರ್ಷದೊಳಗೆ ತಾನಾಗಿ ಬಿಟ್ಟವನಿಗೆ ಏನೂ ಇರಲಿಲ್ಲ.

2022ರ ಫೆಬ್ರವರಿ 2ರಿಂದ ಹೊಸ ಕಾನೂನು ಜಾರಿಗೆ ಬಂದಮೇಲೆ ಈ ಕಡಿತ ಹೋಯ್ತು. ಒಂದು ವರ್ಷ ತುಂಬಿದ್ದರೆ ಸಾಕು, ರಿಸೈನ್ ಆದರೂ ಟರ್ಮಿನೇಟ್ ಆದರೂ ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಬೇಸಿಕ್, ಆಮೇಲೆ ವರ್ಷಕ್ಕೆ 30 ದಿನದ್ದು. ಒಟ್ಟು ಎರಡು ವರ್ಷದ ಸಂಬಳ ದಾಟಬಾರದು ಅಷ್ಟೇ. ಅದೇ 1,800 ಬೇಸಿಕ್ಕಿನವನು ಏಳು ವರ್ಷಕ್ಕೆ ಬಿಟ್ಟರೆ 6,300 ಮತ್ತು 3,600, ಒಟ್ಟು 9,900. ಮನೆ ಬಾಡಿಗೆ, ಓಡಾಟದ ಭತ್ಯೆ ಈ ಲೆಕ್ಕಕ್ಕೆ ಬರೋದಿಲ್ಲ. ಕೊಡಬೇಕಾದ್ದನ್ನೆಲ್ಲ ಕಾಂಟ್ರಾಕ್ಟ್ ಮುಗಿದ 14 ದಿನದೊಳಗೆ ಕೊಡಬೇಕು. ಮನೆಗೆಲಸದವರಿಗೆ, ಎಡಿಜಿಎಂ ಥರದ ಫೈನಾನ್ಶಿಯಲ್ ಫ್ರೀ ಜೋನಿನವರಿಗೆ ಬೇರೆ ಕಾನೂನು. ಅದನ್ನ ಇನ್ನೊಂದು ಸಲ ಬರೀತೀವಿ.

ಹಾಗಾದರೆ ಈಗ ರಿಸೈನ್ ಅಂತ ಬರೆದುಕೊಟ್ಟರೆ ನಷ್ಟ ಇಲ್ವಾ? ಇದೆ. ದೂರು ಕೊಟ್ಟ ಅನ್ನೋ ಕಾರಣಕ್ಕೆ ಕೆಲಸದಿಂದ ತೆಗೆದರೆ ಮೂರು ತಿಂಗಳ ಸಂಬಳದವರೆಗೆ ಪರಿಹಾರ ಕೇಳೋ ಹಕ್ಕು ಇದೆ. ಆದರೆ ತೆಗೆದಿದ್ದಾರೆ ಅಂತ ತೋರಿಸಬೇಕು. ನಿಮ್ಮ ಕೈಬರಹದಲ್ಲೇ ರಿಸೈನ್ ಅಂತ ಇದ್ದರೆ ಯಾರು ಯಾರನ್ನ ತೆಗೆದರು? ನೋಟಿಸ್ ಅವಧಿಯ ಸಂಬಳವೂ ಹಾಗೇ, 30 ದಿನದಿಂದ 90 ದಿನದವರೆಗೆ ಕಾಂಟ್ರಾಕ್ಟಿನಲ್ಲಿ ಎಷ್ಟಿದೆಯೋ ಅಷ್ಟು. ನೋಟಿಸ್ ಕೊಡದೆ ಬಿಟ್ಟವನು ಇನ್ನೊಬ್ಬನಿಗೆ ಕೊಡಬೇಕಾಗತ್ತೆ. ಬಿಟ್ಟವನು ಯಾರು ಅನ್ನೋದನ್ನ ಹೇಳೋದು ಕ್ರಿಯಾಪದ.

ಇನ್ನು ವೇವ್. ಕನ್ನಡ ಅಕ್ಷರದಲ್ಲಿ ಬರೆದರೆ ಎರಡು ವೇವ್ ಒಂದೇ ಥರ ಕಾಣತ್ತೆ, ಕಿವಿಗೂ ಒಂದೇ. ಒಂದು ಏರ್‌ಪೋರ್ಟಿನಲ್ಲಿ ಕೈ ಬೀಸೋದು. ಇನ್ನೊಂದರ ನಡುವೆ ಐ ಅಕ್ಷರ ಇದೆ, ಅದು ಕೈ ತೊಳಕೊಳ್ಳೋದು. ಈ ಎರಡನೇ ವೇವ್ ನಮಗೆ ಊರಿನಲ್ಲೇ ಗೊತ್ತು, ಹೆಸರು ಮಾತ್ರ ಬೇರೆ: ಮನ್ನಾ. 2018ರಲ್ಲಿ ಕರ್ನಾಟಕ ಸರ್ಕಾರ ರೈತರ ಸಾಲ ಮನ್ನಾ ಘೋಷಿಸಿದಾಗ ಇಂಗ್ಲಿಷ್ ಪೇಪರುಗಳು ಲೋನ್ ವೇವರ್ ಅಂತ ಬರೆದವು. ಆಗ ಆ ಪದ ನಮಗೆ ಸಿಹಿಯಾಗಿತ್ತು, ಯಾಕಂದರೆ ನಾವು ಸಾಲ ತೀರಿಸಬೇಕಾದ ಕಡೆ ನಿಂತಿದ್ದೆವು. ಮನ್ನಾ ಮಾಡೋನು ಯಾವಾಗಲೂ ಬಾಕಿ ಬರಬೇಕಾದವನು. ಸೆಟ್ಲ್‌ಮೆಂಟ್ ಕಾಗದದ ಕೊನೆಯಲ್ಲಿ "ಐ ವೇವ್ ಆಲ್ ಮೈ ಕ್ಲೇಮ್ಸ್" ಅಂತ ಇದ್ದರೆ ಅಲ್ಲಿ ಬಾಕಿ ಬರಬೇಕಾದವರು ನೀವು, ಮನ್ನಾ ಆಗ್ತಿರೋದು ಕಂಪನಿಯ ಸಾಲ. ಆ ಪದ ಓದಿದಾಗ ಸಿಹಿ ಅನ್ನಿಸಿದರೆ ಹಳೇ ಅಭ್ಯಾಸ ಅಂತ ತಿಳ್ಕೊಳ್ಳಿ.

ಅಂಥ ಕಾಗದಗಳಲ್ಲಿ ವೇವ್ ಒಂಟಿಯಾಗಿ ಬರೋದಿಲ್ಲ. "ಐ ಹ್ಯಾವ್ ರಿಸೀವ್ಡ್" ಅನ್ನೋದು ಅದರ ಜೊತೆಗಾರ. ರಿಸೀವ್ಡ್ ಅಂದರೆ ಕೈಗೆ ಬಂದಾಗಿದೆ. ಚೆಕ್ ನಾಳೆ ಕೊಡ್ತಾರಂತೆ, ಟ್ರಾನ್ಸ್‌ಫರ್ ಮುಂದಿನ ವಾರವಂತೆ, ಆದರೆ ಕಾಗದದಲ್ಲಿ ಇವತ್ತೇ ರಿಸೀವ್ಡ್. ನಾವು ಬಿ.ಕಾಂ. ಓದುವಾಗ ಲೆಕ್ಕದ ಮೇಷ್ಟ್ರು ಇದಕ್ಕೆ ಸೊನ್ನೆ ಕೊಡ್ತಿದ್ದರು: ಬರಬೇಕಾದ ಹಣ ಒಂದು ಖಾತೆ, ಬಂದ ಹಣ ಇನ್ನೊಂದು ಖಾತೆ. ಹಣ ಬಂದಿಲ್ಲದಿದ್ದರೆ ಆ ಪದಕ್ಕೆ ಗೆರೆ ಎಳೆದು "ವಿಲ್ ರಿಸೀವ್ ಬಿಫೋರ್" ಅಂತ ಬರೆದು ತಾರೀಕು ಹಾಕಿ ಅಂತ ಕೇಳಿ. ಕೊಡೋ ಮನಸ್ಸಿದ್ದವರು ಬೇಡ ಅನ್ನೋದಿಲ್ಲ.

ಒಂದು ಸಮಾಧಾನದ ಸಂಗತಿ. ಇಲ್ಲಿನ ಕಾರ್ಮಿಕ ಕಾನೂನು ಕೊಟ್ಟಿರೋ ಹಕ್ಕಿಗೆ ವಿರುದ್ಧವಾಗಿ ಮಾಡಿಸಿಕೊಂಡ ವೇವರ್ ಆಗಲಿ, ಸೆಟ್ಲ್‌ಮೆಂಟ್ ಆಗಲಿ ಅಸಿಂಧು ಅಂತ ಕಾನೂನೇ ಹೇಳತ್ತೆ. 9,900 ಬರಬೇಕಾದ ಕಡೆ 4,000 ಕೊಟ್ಟು ವೇವ್ ಬರೆಸಿಕೊಂಡರೆ ಕಥೆ ಅಲ್ಲಿಗೇ ಮುಗಿಯೋದಿಲ್ಲ. ಆದರೆ ಇದನ್ನ ನಂಬಿಕೊಂಡು ಸಿಕ್ಕಿದ್ದಕ್ಕೆಲ್ಲ ಸಹಿ ಹಾಕಬೇಡಿ. ಅಸಿಂಧು ಅಂತ ಸಾಬೀತು ಮಾಡೋದಕ್ಕೆ ನೀವು ಈ ದೇಶದಲ್ಲಿರಬೇಕು, ಅಥವಾ ನಿಮ್ಮ ಪರವಾಗಿ ಯಾರಾದರೂ ಇರಬೇಕು, ಸಂಬಳದ ಸ್ಲಿಪ್ಪು ಇರಬೇಕು, ತಾಳ್ಮೆ ಇರಬೇಕು. ಕೆಂಪೇಗೌಡ ಏರ್‌ಪೋರ್ಟಿನಲ್ಲಿ ಇಳಿದಮೇಲೆ ಈ ನಾಲ್ಕರಲ್ಲಿ ಎಷ್ಟು ಉಳಿದಿರತ್ತೆ?

ವಿತ್‌ಡ್ರಾ ಎಲ್ಲರಿಗೂ ಗೊತ್ತು, ಎಟಿಎಂ ಕಲಿಸಿದೆ. ಇದರ ವಿತ್ ಅಂದರೆ "ಜೊತೆ" ಅಲ್ಲ. ಹಳೇ ಇಂಗ್ಲಿಷಿನಲ್ಲಿ ಅದಕ್ಕೆ ಎದುರು, ಹಿಂದಕ್ಕೆ ಅನ್ನೋ ಅರ್ಥ. ಸಂಬಳ ವಿತ್‌ಹೋಲ್ಡ್ ಮಾಡಿದರು ಅನ್ನುವಾಗಲೂ ಅದೇ ವಿತ್, ಹಿಂದೆ ಹಿಡಿದಿಟ್ಟುಕೊಂಡರು. ವಿತ್‌ಡ್ರಾ ಅಂದರೆ ನಾನು ಮುಂದಿಟ್ಟದ್ದನ್ನ ನಾನೇ ಹಿಂದಕ್ಕೆ ಎಳಕೊಳ್ಳೋದು. ಬ್ಯಾಂಕಿನಲ್ಲಿಟ್ಟ ಹಣ, ಕೊಟ್ಟ ರಾಜೀನಾಮೆ, ಹಾಕಿದ ದೂರು. ಇಲ್ಲಿ ಇನ್ನೊಬ್ಬನಿಗೆ ಏನೂ ಹೋಗೋದಿಲ್ಲ, ಮಾತಿನ ಮಟ್ಟಿಗಾದರೂ. "ಐ ವಿತ್‌ಡ್ರಾ ಮೈ ಕಂಪ್ಲೇಂಟ್" ಅಂದರೆ ಕಾಗದ ಹಿಂದಕ್ಕೆ ಬಂತು. "ಐ ವೇವ್ ಮೈ ಕ್ಲೇಮ್" ಅಂದರೆ ಹಣವೇ ಆಚೆ ಹೋಯ್ತು. ಬಹಳ ಕಾಗದಗಳಲ್ಲಿ ಈ ಎರಡನ್ನೂ ಒಂದೇ ಸಾಲಿನಲ್ಲಿ, ನಡುವೆ ಒಂದು ಆ್ಯಂಡ್ ಹಾಕಿ ಕಟ್ಟಿರ್ತಾರೆ. ಆ ಆ್ಯಂಡ್ ಮೇಲೆ ಬೆರಳಿಡಿ. ದೂರು ಹಿಂದಕ್ಕೆ ತಗೊಳ್ಳೋ ಮುಂಚೆ ಹಣ ಬಂದಿರಲಿ, ಯಾಕಂದರೆ ಗಡಿಯಾರ ಹಿಂದಕ್ಕೆ ಹೋಗೋದಿಲ್ಲ: 2024ರ ತಿದ್ದುಪಡಿಯ ಪ್ರಕಾರ ಕೆಲಸದ ಸಂಬಂಧ ಮುಗಿದ ದಿನದಿಂದ ಎರಡು ವರ್ಷದೊಳಗೆ ಕ್ಲೇಮ್ ಮಾಡಬೇಕು. ಮೊದಲು ಇದು ಒಂದು ವರ್ಷ ಇತ್ತು. 50,000 ದಿರ್ಹಮ್ ಮೀರದ ವಿವಾದಗಳನ್ನ 2024ರ ಜನವರಿಯಿಂದ ಸಚಿವಾಲಯವೇ ತೀರ್ಮಾನ ಮಾಡಬಹುದು, ಮತ್ತು 1,00,000 ದಿರ್ಹಮ್ ಮೀರದ ಕ್ಲೇಮಿಗೆ ಕೆಲಸಗಾರ ಕೋರ್ಟ್ ಫೀ ಕಟ್ಟಬೇಕಾಗಿಲ್ಲ. ಸಚಿವಾಲಯದ ನಂಬರ್ 600590000. ಫೋನಿನಲ್ಲೇ ಸೇವ್ ಮಾಡಿಟ್ಟುಕೊಳ್ಳಿ.

ಸರೆಂಡರ್ ಅಂದರೆ ಸಿನಿಮಾದಲ್ಲಿ ಕೈ ಮೇಲೆತ್ತೋದು. ಆದರೆ ನಮ್ಮ ಊರಿನ ಆಫೀಸುಗಳಲ್ಲಿ ಈ ಪದ ದುಡ್ಡು ತರತ್ತೆ. ಮೇಷ್ಟ್ರು ಗಳಿಕೆ ರಜೆ ಸರೆಂಡರ್ ಮಾಡಿ ಮಗಳ ಫೀಸ್ ಕಟ್ಟಿದರು ಅಂತೀವಿ. ಎಲ್ಐಸಿ ಪಾಲಿಸಿ ಸರೆಂಡರ್ ಮಾಡಿದರೆ ಸರೆಂಡರ್ ವ್ಯಾಲ್ಯೂ ಅಂತ ಕೊಡ್ತಾರೆ. ಈ ರೂಢಿಯಿಂದ "ಸರೆಂಡರ್ ಯುವರ್ ಪಾಸ್‌ಪೋರ್ಟ್" ಅಂದರೆ ಏನೋ ಮಾಮೂಲಿ ಆಫೀಸು ಕೆಲಸ ಅನ್ನಿಸಿಬಿಡತ್ತೆ. ಇಲ್ಲಿನ ಕಾನೂನಿನಲ್ಲಿ ಮಾಲೀಕ ಕೆಲಸಗಾರನ ಅಧಿಕೃತ ದಾಖಲೆ ಹಿಡಿದಿಟ್ಟುಕೊಳ್ಳೋ ಹಾಗಿಲ್ಲ. ವೀಸಾ ಕೆಲಸಕ್ಕೆ ಎರಡು ದಿನ ಕೊಡೋದು ಬೇರೆ, ಅದಕ್ಕೆ "ಸಬ್‌ಮಿಟ್" ಅನ್ನೋ ಪದ ಇದೆ, ರಸೀದಿ ಇದೆ.

ಬಿಟ್ಟುಕೊಡೋದಕ್ಕೆ ರಾಜರ ಮಟ್ಟದ ಇಂಗ್ಲಿಷ್ ಪದ ಸೀಡ್. ಬಳ್ಳಾರಿಯವರು ಇದನ್ನ ಇಡೀ ಜಿಲ್ಲೆಯ ಹಣೆಪಟ್ಟಿಯಾಗಿ ಹೊತ್ತಿದ್ದರು. 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಸೀಡ್ ಮಾಡಬೇಕಾಯ್ತು, ಇಬ್ಬರು ಗಂಡುಮಕ್ಕಳನ್ನ ಒತ್ತೆ ಇಟ್ಟು. ಆಗ ಮತ್ತು 1799ರಲ್ಲಿ ನಿಜಾಮನಿಗೆ ಸಿಕ್ಕ ಸೀಮೆಯನ್ನ ನಿಜಾಮ 1800ರಲ್ಲಿ ಕಂಪನಿಗೆ ಸೀಡ್ ಮಾಡಿದ, ಸೈನ್ಯದ ಖರ್ಚಿನ ಲೆಕ್ಕಕ್ಕೆ. ಬಳ್ಳಾರಿ, ಅನಂತಪುರ, ಕಡಪ, ಕರ್ನೂಲು ಕಡೆಗೆಲ್ಲ ಸೀಡೆಡ್ ಡಿಸ್ಟ್ರಿಕ್ಟ್ಸ್, ದತ್ತಮಂಡಲ ಅಂತ ಹೆಸರಾಯ್ತು. ಬಿಟ್ಟುಕೊಟ್ಟವರೂ ಹೋದರು, ತಗೊಂಡವರೂ ಹೋದರು, ಹೆಸರು ನೂರು ವರ್ಷಕ್ಕೂ ಮಿಕ್ಕಿ ಉಳಿಯಿತು. ಮೈಸೂರಿಗೆ ಮಾತ್ರ ಉಲ್ಟಾ ಅದೃಷ್ಟ: 1881ರಲ್ಲಿ ಬ್ರಿಟಿಷರು ರಾಜ್ಯವನ್ನ ಒಡೆಯರಿಗೆ ವಾಪಸ್ ಕೊಟ್ಟರು, ಅದಕ್ಕೆ ರೆಂಡಿಶನ್ ಅಂತ ಹೆಸರು. ಸರೆಂಡರ್ ಒಳಗಿರೋ ರೆಂಡರ್ ಅದೇ. ಸಾಮ್ರಾಜ್ಯದವರೂ ಕೊಡೋದಕ್ಕೊಂದು ಕಸಿಯೋದಕ್ಕೊಂದು ಪದ ಹುಡುಕಿ ಬರೀತಿದ್ದರು ಅನ್ನೋದಕ್ಕೆ ಇದನ್ನ ಹೇಳಿದೆವು.

ಯೀಲ್ಡ್ ಅಂದರೆ ಮಣಿಯೋದು, ಫಸಲಿನ ಇಳುವರಿಯೂ ಅದೇ. ಹಳೇ ಇಂಗ್ಲಿಷಿನಲ್ಲಿ ಅದರ ಅರ್ಥ ಹಣ ಸಲ್ಲಿಸೋದು. ಕ್ವಿಟ್ ಪದ ಕೂಡ ಸಾಲದ ಮನೆಯಿಂದಲೇ ಬಂದದ್ದು, ಋಣಮುಕ್ತ ಅನ್ನೋ ಅರ್ಥದಿಂದ. 1942ರಲ್ಲಿ ಕ್ವಿಟ್ ಇಂಡಿಯಾ ಅಂದಾಗ ಬ್ರಿಟಿಷರ ಮೇಲೇ ಅದನ್ನ ತಿರುಗಿಸಿದೆವು. ಆದರೆ ಬಾಸ್ ಮುಂದೆ "ಐ ಕ್ವಿಟ್" ಅನ್ನಬೇಡಿ, ಅದರಲ್ಲಿ ಬಾಗಿಲು ಬಡಿದ ಸದ್ದಿದೆ, ನೋಟಿಸ್ ಅವಧಿ ಇಲ್ಲ. ಫಾರ್‌ಫಿಟ್ ಅಂದರೆ ನೀವು ಬಿಟ್ಟದ್ದಲ್ಲ, ನಿಯಮ ತಪ್ಪಿದ್ದಕ್ಕೆ ಕಳಕೊಂಡದ್ದು. ರೂಮಿನ ಡೆಪಾಸಿಟ್ ಕಾಗದದಲ್ಲಿ ಈ ಪದ ಇದ್ದರೆ ಯಾವ ನಿಯಮ ಅಂತ ಕೆಳಗೆ ಇರಲೇಬೇಕು. ಗಿವ್ ಅಪ್ ಅಂದರೆ ಕೈಚೆಲ್ಲೋದು, ಗಿವ್ ಇನ್ ಅಂದರೆ ಎದುರಿನವನ ಹಟಕ್ಕೆ ಮಣಿಯೋದು, ಗಿವ್ ವೇ ಅಂದರೆ ದಾರಿ ಬಿಡೋದು. ಈ ಕೊನೆಯದನ್ನ ನಮ್ಮ ಡ್ರೈವರ್ ಮಿತ್ರರು ದಿನಾ ಬೋರ್ಡಿನಲ್ಲಿ ನೋಡ್ತಾರೆ, ಪಾಲಿಸೋದು ಕಷ್ಟ.

ಅಬ್ಯಾಂಡನ್ ಮತ್ತು ಅಬ್‌ಸ್ಕಾಂಡ್ ಬಗ್ಗೆ ಮಾತ್ರ ಹಗುರಾಗಿ ಮಾತಾಡೋ ಹಾಗಿಲ್ಲ. ಅಬ್‌ಸ್ಕಾಂಡ್ ಅಂದರೆ ತಲೆಮರೆಸಿಕೊಳ್ಳೋದು. ಕೆಲಸಗಾರ ಹೇಳದೆ ಕೇಳದೆ ಸತತ ಏಳು ದಿನಕ್ಕಿಂತ ಹೆಚ್ಚು ಕಾಣೆಯಾಗಿ, ಎಲ್ಲಿದ್ದಾನೆ ಅಂತ ಮಾಲೀಕನಿಗೆ ಗೊತ್ತಾಗದಿದ್ದರೆ ಕೆಲಸ ಬಿಟ್ಟುಹೋದ ಅಂತ ಸಚಿವಾಲಯಕ್ಕೆ ರಿಪೋರ್ಟ್ ಹೋಗತ್ತೆ. "ಸಂಬಳ ಕೊಡ್ತಿಲ್ಲ, ಅದಕ್ಕೆ ಅಣ್ಣನ ರೂಮಿಗೆ ಹೋದೆ, ಫೋನ್ ಆಫ್ ಮಾಡಿದೆ" ಅಂತ ಹೇಳೋ ಹುಡುಗರಿದ್ದಾರೆ. ಅವರ ಮನಸ್ಸಿನಲ್ಲಿ ಅದು ಮುಷ್ಕರ, ಕಾಗದದಲ್ಲಿ ಅದು ಪರಾರಿ. ಫೋನ್ ಆನ್ ಇರಲಿ, ಎಲ್ಲಿದ್ದೀನಿ ಅಂತ ಒಂದು ಮೆಸೇಜ್ ಇರಲಿ, ದೂರು ಕೊಟ್ಟ ನಂಬರ್ ಇರಲಿ. ಆ ಮೂರಿದ್ದವನನ್ನ ತಲೆಮರೆಸಿಕೊಂಡವನು ಅನ್ನೋದು ಕಷ್ಟ.

ಕೊನೆಯದಾಗಿ ರಿಲಿಂಕ್ವಿಶ್. ಇದು ಇಲ್ಲಿಯ ಕಾಗದವಲ್ಲ, ಊರಿನಿಂದ ವಾಟ್ಸಾಪಿನಲ್ಲಿ ಬರೋ ಕಾಗದ. ನಮ್ಮ ಪ್ರಕಾರ ಈ ಪುಟದಲ್ಲಿ ಬಂದ ಎಲ್ಲ ಪದಗಳಿಗಿಂತ ದುಬಾರಿ ಪದ ಇದೇ. ಅಪ್ಪ ತೀರಿಕೊಂಡಿದ್ದಾರೆ, ಖಾತೆ ಬದಲಾವಣೆ ಆಗಬೇಕು, ತಮ್ಮ ಹೇಳ್ತಾನೆ: "ನೀನು ಬರೋದು ಬೇಡ, ಎಂಬೆಸಿಯಲ್ಲಿ ಒಂದು ಪವರ್ ಆಫ್ ಅಟಾರ್ನಿ ಮಾಡಿಸಿ ಕಳಿಸು, ಉಳಿದದ್ದು ನಾನು ನೋಡ್ಕೋತೀನಿ." ಡ್ರಾಫ್ಟ್ ಕೂಡ ಅವನೇ ಕಳಿಸ್ತಾನೆ. ಅದರಲ್ಲಿ ಒಂದು ಸಾಲಿನಲ್ಲಿ ಐದು ಕ್ರಿಯಾಪದ: ಮ್ಯಾನೇಜ್, ಲೀಸ್, ಸೆಲ್, ರಿಲೀಸ್ ಆ್ಯಂಡ್ ರಿಲಿಂಕ್ವಿಶ್. ಮೊದಲನೆಯದಕ್ಕೆ ತೋಟ ನೋಡಿಕೊಳ್ಳಬಹುದು. ಕೊನೆಯದಕ್ಕೆ ನಿಮ್ಮ ಪಾಲನ್ನ ನಿಮ್ಮ ಹೆಸರಿನಲ್ಲೇ ಬಿಟ್ಟುಕೊಡಬಹುದು. ಊರಿನ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಇದಕ್ಕೆ ಹಕ್ಕು ಬಿಡುಗಡೆ ಪತ್ರ ಅಂತಾರೆ. ಬಿಡುಗಡೆ ಅನ್ನೋ ಪದ ಎಷ್ಟು ಹಗುರ ನೋಡಿ, ಜೈಲಿನಿಂದ ಬಂದ ಹಾಗೆ. ಆದರೆ ಬಿಡುಗಡೆ ಆಗೋದು ನೀವಲ್ಲ, ಜಮೀನು, ನಿಮ್ಮಿಂದ. 1908ರ ನೋಂದಣಿ ಕಾಯ್ದೆ ಪ್ರಕಾರ ನೂರು ರೂಪಾಯಿಯಿಂದ ಮೇಲಿನ ಸ್ಥಿರಾಸ್ತಿಯ ಹಕ್ಕು ಹೀಗೆ ಬಿಡೋ ಪತ್ರ ರಿಜಿಸ್ಟರ್ ಆಗಲೇಬೇಕು, ಆದಮೇಲೆ ವಾಪಸ್ ಬರೋದು ಕೋರ್ಟಿನ ದಾರಿಯಲ್ಲಿ ಮಾತ್ರ.

ಅಕ್ಕತಂಗಿಯರ ಕಡೆಯಿಂದ ಇಂಥ ಪತ್ರ ಬರೆಸಿಕೊಳ್ಳುವಾಗ ನಾವು ಗಂಡಸರು ಈ ಪದವನ್ನ ಓದಿ ಹೇಳೋದಿಲ್ಲ ಅನ್ನೋದನ್ನೂ ಇಲ್ಲೇ ಹೇಳಬೇಕು. "ಇಲ್ಲೊಂದು ಸಹಿ ಹಾಕಮ್ಮ" ಅಷ್ಟೇ. ಹಿಂದೂ ಕುಟುಂಬಗಳಲ್ಲಿ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಅಂತ ಕರ್ನಾಟಕ 1994ರಲ್ಲೇ ತಂದಿತು, ಇಡೀ ದೇಶಕ್ಕೆ 2005ರಲ್ಲಿ ಬಂತು. ಅವರು ಬಿಟ್ಟುಕೊಟ್ಟರೆ ಅದು ಬಿಟ್ಟುಕೊಟ್ಟದ್ದು, ಇಲ್ಲದ್ದನ್ನ ಬರೆದುಕೊಟ್ಟದ್ದಲ್ಲ.

ಶಿವಮೊಗ್ಗ ಕಡೆಯ ಒಬ್ಬ ಮಿತ್ರರು ಇಂಥ ಡ್ರಾಫ್ಟ್ ಹಿಡಕೊಂಡು ನಮ್ಮ ಹತ್ತಿರ ಬಂದಿದ್ದರು, ಅಂಕಿ ಏನೂ ಇಲ್ಲ, ಸುಮ್ಮನೆ ನೋಡಿ ಅಂತ. ಸೆಲ್, ರಿಲೀಸ್, ರಿಲಿಂಕ್ವಿಶ್ ಮೂರನ್ನೂ ತೆಗೆದು, ಖಾತೆ ಬದಲಾವಣೆಗೆ ಅರ್ಜಿ ಕೊಡೋದು, ಕಂದಾಯ ಕಟ್ಟೋದು, ತೋಟ ನೋಡಿಕೊಳ್ಳೋದು, ಇಂತಿಷ್ಟು ಸರ್ವೆ ನಂಬರಿಗೆ, ಇಂಥ ತಾರೀಕಿನವರೆಗೆ ಅಂತ ಬರೆಸಿದರು. ತಮ್ಮ ಹತ್ತು ದಿನ ಫೋನ್ ಎತ್ತಲಿಲ್ಲವಂತೆ. ಹನ್ನೊಂದನೇ ದಿನ ಅಡಿಕೆಗೆ ಔಷಧಿ ಹೊಡೆಸಿದ ಖರ್ಚಿನ ಪಟ್ಟಿ ಕಳಿಸಿದ್ದಾನೆ, ಅರ್ಧ ನಿನ್ನದು ಅಂತ ಕೆಳಗೆ ಬರೆದು. ಇವರು ಅವತ್ತೇ ಎಕ್ಸ್‌ಚೇಂಜಿಗೆ ಹೋಗಿ ಅರ್ಧ ಕಳಿಸಿದರು.